ಸಂಬಳದಲ್ಲಿ ಹಿಡಿದದ್ದು

೯ ಜನವರಿ ೧೯೮೨, ಶನಿವಾರ

ಬೆಳಿಗ್ಗೆ ಪುಟ್ಟಿಯ ಕಾಲುಗಳಿಗೆ ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆ. ಹುಟ್ಟುವಾಗಲೇ ಒಳಕ್ಕೆ ತಿರುಗಿಕೊಂಡಿದ್ದ ಪಾದಗಳು ಸ್ವಲ್ಪ ಸ್ವಲ್ಪವಾಗಿ ನೇರಕ್ಕೆ ಬರುತ್ತಿವೆ ಎನ್ನುತ್ತಾರೆ ಡಾಕ್ಟರು. ನನ್ನ ಕಣ್ಣಿಗಂತೂ ಕಾಣುವುದಿಲ್ಲ. ಕೋಲಾರದ ಆಸ್ಪತ್ರೆಯಿಂದ ಗೌರಿಪೇಟೆಯ ಮನೆಯವರೆಗೂ ಅವಳ ಕಾಲುಗಳ ಮೇಲೆ ಸೆರಗು ಹೊದಿಸಿಕೊಂಡೇ ನಡೆದೆ. ಆದರೂ ಹಾಲಿನಂಗಡಿಯ ಹತ್ತಿರ ಯಾರೋ, "ಅಯ್ಯೋ, ಮಗೂನ ಬೀಳಿಸಿಬಿಟ್ರಾ?" ಅಂದರು. ಹೂಂ ಅಂದುಬಿಟ್ಟೆ. ಬೀಳಿಸಿದವಳು ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ಮನೆಗೆ ಬಂದರೆ ಕುವೈತಿನಿಂದ ಇವರ ಕಾಗದ. ಮಾರ್ಚ್ ಕೊನೆಗೆ ಕರಾರು ಮುಗಿಯುತ್ತದೆ. ಮುಂದಕ್ಕೆ ಎರಡು ದಾರಿ. ಕುವೈತಿನಲ್ಲೇ ಇನ್ನೆರಡು ವರ್ಷ ಫಿಟ್ಟರ್ ಕೆಲಸ, ಇಲ್ಲವೇ ಅದೇ ಕಂಪನಿಯ ಜರ್ಮನಿಯ ವರ್ಕ್‌ಶಾಪು. ಜರ್ಮನಿಯಲ್ಲಿ ಸಂಬಳ ಹೆಚ್ಚು. ಆದರೆ ತೆರಿಗೆ, ಆಸ್ಪತ್ರೆ ವಿಮೆ, ಪಿಂಚಣಿ, ಕೆಲಸ ಹೋದರೆ ಕೊಡುವ ಭತ್ಯೆ ಎಂದು ಮೂರರಲ್ಲೊಂದು ಪಾಲು ಕೈಗೆ ಬರುವ ಮೊದಲೇ ಹಿಡಿದುಕೊಳ್ಳುತ್ತಾರಂತೆ. ಕುವೈತಿನಲ್ಲಿ ಒಂದು ಕಾಸೂ ಹಿಡಿಯುವುದಿಲ್ಲ. "ನೀನು ಬಿ.ಕಾಂ. ಓದಿದವಳು. ಎರಡನ್ನೂ ತೂಗಿ ನೋಡಿ ಹೇಳು. ಮಾರ್ಚ್ ಹತ್ತರೊಳಗೆ ಸಹಿ ಹಾಕಬೇಕು. ಪಂಪು ಬಿಚ್ಚಿ ಜೋಡಿಸು ಅಂದರೆ ಜೋಡಿಸಿಯೇನು, ಇದು ನನಗೆ ಹರಿಯುವುದಿಲ್ಲ" ಎಂದು ಬರೆದಿದ್ದಾರೆ.

ನನ್ನನ್ನು ಯಾಕೆ ಕೇಳಬೇಕಿತ್ತು? ಆದಾಯ ತೆರಿಗೆಯ ಪೇಪರಿನಲ್ಲಿ ನಾನು ಪಾಸಾದದ್ದೇ ದೊಡ್ಡದು. ಇವರ ಅಣ್ಣ ಗಂಗುಲಪ್ಪ ಭಾವನನ್ನು ಕೇಳಬೇಕು. ಭಾವ ಹೇಳಿದ ಹಾಗೆ ಇವರಿಗೆ ಬರೆದುಬಿಟ್ಟರೆ ಮುಗಿಯಿತು.

ಪ್ಲಾಸ್ಟರ್ ಒಣಗುವವರೆಗೆ ಪುಟ್ಟಿ ಮಲಗುವುದಿಲ್ಲ. ಮಲಗಿದ ಮೇಲೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಅದಕ್ಕೇ ಎದ್ದುಬಿಡುತ್ತಾಳೆ.

೧೬ ಜನವರಿ, ಶನಿವಾರ

ಸಂಕ್ರಾಂತಿಗೆ ಸುಗಟೂರಿಗೆ ಹೋಗಿದ್ದೆ, ಅತ್ತೆಯ ಮನೆಗೆ. ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಭಾವನ ಮಕ್ಕಳು ಆ ತಟ್ಟೆಗಳ ಸಂದಿಯಲ್ಲೇ ಮಲಗುತ್ತವೆ. ಇವರ ಕೋಣೆ ಮಾತ್ರ ಬೀಗ ಹಾಕಿಕೊಂಡೇ ಇದೆ. ನನಗೂ ಪುಟ್ಟಿಗೂ ಮಲಗಲು ಅತ್ತೆ ಬೀಗ ತೆಗೆದು, ಹಾಸಿಗೆ ಕೊಡವಿ ಹಾಕಿದರು.

ಭಾವ ಜಗಲಿಯ ಮೇಲೆ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ಕಾಗದದ ವಿಷಯ ಹೇಳಿದೆ.

"ಮೂರರಲ್ಲಿ ಒಂದು ಪಾಲಾ?" ಹೆಚ್ಚುವ ಕೈ ನಿಂತುಹೋಯಿತು. "ಟೊಮೇಟೊ ಮಂಡಿಯೋನು ಕೂಡ ಅಷ್ಟು ಹಿಡಿಯಲ್ಲ ಕಣಮ್ಮ. ಹಗಲು ದರೋಡೆ ಅದು."

"ಆಸ್ಪತ್ರೆ ವಿಮೆ, ಪಿಂಚಣಿ ಎಲ್ಲ ಅದರಲ್ಲೇ ಸೇರಿದೆಯಂತೆ ಭಾವ."

"ಮೂವತ್ತಾಗದೋನಿಗೆ ಪಿಂಚಣಿ ಯಾತಕ್ಕೆ? ಕಾಯಿಲೆ ಕಸಾಲೆ ಅಂದ್ರೆ ನೋಡ್ಕೊಳ್ಳೋಕೆ ನಾವೇನು ಸತ್ತೋಗಿದೀವಾ? ಕುವೈತೇ ಸರಿ ಅಂತ ಬರೆದಾಕು."

ಆಮೇಲೆ ಬಂತು ಇನ್ನೊಂದು ಮಾತು. ಬ್ಯಾಂಕಿನಲ್ಲಿ ಯಾರೋ ಹೇಳಿದರಂತೆ. ಹೊರದೇಶದಲ್ಲಿ ದುಡಿಯುವವನು ಇಲ್ಲಿ ತನಗೆಂದು ಮನೆ ಇಟ್ಟುಕೊಂಡಿದ್ದು, ರಜೆಗೆ ಬಂದು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ದಿನ ನಿಂತರೆ ಅವನು ಇಲ್ಲಿಯ ವಾಸಿ ಎಂದೇ ಲೆಕ್ಕ. ಆಗ ಕುವೈತಿನ ಸಂಬಳಕ್ಕೂ ಇಲ್ಲಿ ತೆರಿಗೆ.

"ಪುಟ್ಟಿ ಕಾಲಿನ ಆಪರೇಷನ್ನಿಗೆ ಅವನು ಬಂದು ತಿಂಗಳುಗಟ್ಟಲೆ ಇರ್ತಾನಲ್ಲ. ಅಷ್ಟರಲ್ಲಿ ಕೋಲಾರದ ಮನೆ ಬಿಟ್ಟುಬಿಡಬೇಕು. ಏಪ್ರಿಲ್ ಒಂದಕ್ಕೆ ಸರ್ಕಾರದ ವರ್ಷ ಶುರು. ಉಗಾದಿಯೊಳಗೆ ಬಂದ್ಬಿಡಮ್ಮ ಇಲ್ಲಿಗೆ. ಬಾಡಿಗೇನೂ ಉಳೀತು, ಟ್ಯಾಕ್ಸೂ ಉಳೀತು."

ಸರಿ ಭಾವ ಅಂದೆ.

ಬರುವಾಗ ಬಸ್ಸಿನ ಕುಲುಕಾಟಕ್ಕೆ ಪ್ಲಾಸ್ಟರಿನ ಅಂಚು ಬಿರುಕು ಬಿಟ್ಟಿದೆ. ಸುಗಟೂರಿಗೆ ಹೋದರೆ ಪ್ಲಾಸ್ಟರಿಗೆಂದು ಹದಿನೈದು ದಿನಕ್ಕೊಮ್ಮೆ ಈ ಬಸ್ಸು. ಬಾವಿಯ ಹತ್ತಿರ ಹೆಂಗಸರು ಪುಟ್ಟಿಯ ಹೊದಿಕೆ ಎತ್ತಿ ನೋಡುವುದು, ನೋಡಿ ಬಾಯಿಗೆ ಸೆರಗು ಹಿಡಿಯುವುದು. ಶ್ರೀನಿವಾಸಪುರದಲ್ಲಿ ತವರಿನ ಬಾಣಂತನ ಮುಗಿಸಿಕೊಂಡು ಈ ಒಂದು ಕೋಣೆ, ಒಂದು ಅಡುಗೆಮನೆಗೆ ಬಂದ ದಿನ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ! ಅದನ್ನು ಭಾವನಿಗೆ ಹೇಗೆ ಹೇಳುವುದು? ಹೇಳಿದರೆ ಮನೆಯವರ ಜೊತೆ ಇರಲಾರದವಳು ಎನ್ನುತ್ತಾರೆ.

೧೯ ಜನವರಿ

ನಿದ್ದೆ ಇಲ್ಲ. ಬರೆಯುವುದಕ್ಕೂ ಏನಿಲ್ಲ.

೨೫ ಜನವರಿ, ಸೋಮವಾರ

ಪಕ್ಕದಲ್ಲೇ ಇರುವ ಮನೆಯ ಒಡತಿ ಆಂಜಿನಮ್ಮನವರು ಪುಟ್ಟಿಯನ್ನು ಎತ್ತಿಕೊಂಡು ಹೋದರು. ಕಾಲೇಜಿನ ಹಳೆಯ ಪುಸ್ತಕ ತೆಗೆದು ಕೂತೆ. ಒಂದು ಕಡೆ ಕುವೈತು, ಒಂದು ಕಡೆ ಜರ್ಮನಿ ಎಂದು ಬರೆದುಕೊಂಡು ಲೆಕ್ಕ ಹಾಕಿದೆ. ಕೈಗೆ ಬರುವುದನ್ನೇ ನೋಡಿದರೆ ಕುವೈತೇ ಮುಂದೆ, ಸಂಶಯವೇ ಇಲ್ಲ. ಭಾವ ಹೇಳಿದ್ದು ನಿಜ.

ಆದರೆ ಹಿಡಿದುಕೊಂಡದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಊರಿನಲ್ಲಿ ಕಾರ್ಖಾನೆಯವರಿಗೆ ಪ್ರಾವಿಡೆಂಟ್ ಫಂಡು ಹಿಡಿದರೆ ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆಸ್ಪತ್ರೆ ವಿಮೆ ಕಟ್ಟಿದವನ ಹೆಂಡತಿ ಮಕ್ಕಳಿಗೂ ಅಲ್ಲಿ ಪುಕ್ಕಟೆ ಔಷಧೋಪಚಾರವಂತೆ, ಬೂಟು ಸಮೇತ. ಪುಟ್ಟಿಗೆ ಆಪರೇಷನ್ ಆಗಬೇಕು, ಆಮೇಲೆ ವರ್ಷಗಟ್ಟಲೆ ಕಬ್ಬಿಣದ ಪಟ್ಟಿ ಇರುವ ಬೂಟು. ಹಾಗಿದ್ದರೆ ಕಳೆಯುವ ಕಡೆ ಬರೆದದ್ದನ್ನು ಕೂಡುವ ಕಡೆಗೂ ಬರೆಯಬೇಕಲ್ಲವೆ?

ಇಲ್ಲಿಯ ಆಸ್ಪತ್ರೆಯ ಖರ್ಚನ್ನೂ ಜರ್ಮನಿಯವರೇ ಕೊಡುತ್ತಾರೆ ಎಂದುಕೊಂಡು, ಹೌದೋ ಅಲ್ಲವೋ ಕೇಳಿ ತಿಳಿಸಿ ಎಂದು ಇವರಿಗೆ ಕಾಗದ ಹಾಕಿದೆ. ಇನ್ನೂ ಎರಡು ಮೂರು ಪ್ರಶ್ನೆ ಕೇಳಿದೆ. ಭಾವನಿಗೆ ಹೇಳದೆಯೇ ಹಾಕಿ ಬಂದೆ.

೧೨ ಫೆಬ್ರವರಿ, ಶುಕ್ರವಾರ

ಉತ್ತರ ಬಂತು. ನಾನು ಅಂದುಕೊಂಡದ್ದು ತಪ್ಪು. ವಿಮೆ ಅಲ್ಲಿ ವಾಸ ಮಾಡುವವರಿಗೆ ಮಾತ್ರ. ನಾನೂ ಪುಟ್ಟಿಯೂ ಕೋಲಾರದಲ್ಲಿ ಇದ್ದಷ್ಟು ದಿನ ಒಂದು ಬ್ಯಾಂಡೇಜಿಗೂ ಅವರು ಕೊಡುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಒಂದು ವರ್ಷ ಕಾಯಬೇಕು. ಕುವೈತಿನಲ್ಲಿ ಅದೂ ಇಲ್ಲ. ಇವರ ಸಂಬಳದ ಮಟ್ಟದವರಿಗೆ ಕುಟುಂಬ ಕರೆಸಿಕೊಳ್ಳಲು ಅಪ್ಪಣೆಯೇ ಸಿಗುವುದಿಲ್ಲ. ಅಲ್ಲೇ ಇದ್ದರೆ ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುತ್ತಾರೆ, ಅಷ್ಟೆ.

ಜರ್ಮನಿಗೆ ಹೋದರೆ ಮಧ್ಯದಲ್ಲಿ ಊರಿಗೆ ಬರುವ ಹಾಗಿಲ್ಲ, ಕುವೈತಿನಿಂದ ನೇರ ಅಲ್ಲಿಗೇ. ಮೊದಲ ವರ್ಷ ರಜೆಯೂ ಇಲ್ಲ. ಆಪರೇಷನ್ನಿಗೆ ಇವರು ಇರುವುದಿಲ್ಲ. "ನೀನು ಒಬ್ಬಳೇ ತಡೆದುಕೊಳ್ಳುತ್ತೀಯಾ? ತಡೆದುಕೊಳ್ಳಲಾರೆ ಅಂದರೆ ಕುವೈತೇ ಇರಲಿ" ಎಂದಿದ್ದಾರೆ.

ಬರದೆ ಇರುವ ಗಂಡನಿಗೆ ಇಲ್ಲಿ ತೆರಿಗೆಯ ಭಯವೂ ಇಲ್ಲ. ನಗು ಬಂತು. ನಕ್ಕದ್ದಕ್ಕೆ ಪುಟ್ಟಿ ನಕ್ಕಳು.

ರಜೆಯ ವಿಷಯ ಅತ್ತೆಗೆ ಹೇಳಬಾರದು. ಈಗಲೇ ಬೇಡ.

೧೫ ಫೆಬ್ರವರಿ, ಸೋಮವಾರ

ಭಾವ ನನ್ನನ್ನು ಆಡಿಟರ್ ಕೋದಂಡರಾಮಪ್ಪನವರ ಹತ್ತಿರ ಕರೆದುಕೊಂಡು ಹೋದರು. ಮನೆ ಬಿಡಲೇಬೇಕೆಂದು ತಿಳಿದವರ ಬಾಯಿಂದ ಕೇಳಿಸಿದರೆ ನಾನು ಹಿಂದೆ ಮುಂದೆ ನೋಡುವುದಿಲ್ಲ ಎಂದು ಅವರ ಯೋಚನೆ. ಅತ್ತೆಯೂ ಬಂದಿದ್ದರು. ಆಡಿಟರು ಎಂದರೆ ಅಮಲ್ದಾರರ ಹಾಗೆ ಎಂದುಕೊಂಡು ಒಳ್ಳೆ ಸೀರೆ ಉಟ್ಟು, ಒಂದು ಚೀಲ ಅವರೆಕಾಯಿ ಹೊತ್ತು ತಂದಿದ್ದರು.

ಕೋದಂಡರಾಮಪ್ಪನವರು ಎಲ್ಲ ಕೇಳಿ, "ಇರೋ ಕಾನೂನು ನಿಮಗೆ ಹೇಳಿದ ಹಾಗೇ ಇದೆ. ಬಾಡಿಗೆ ಮನೆ ಬಿಟ್ಟು ಇವರೆಲ್ಲಿಗೆ ಹೋಗ್ತಾರೆ?" ಅಂದರು.

"ಸುಗಟೂರಿಗೆ ಸಾರ್, ನಮ್ಮನೆಗೆ."

"ಅದು ಯಾರ ಮನೆ?"

"ನಮ್ಮಪ್ಪಂದು. ಅವರು ಹೋದಮೇಲೆ ನಾನು, ಕದಿರೇಶ ಇಬ್ಬರದೂನೂ. ಇನ್ನೂ ಭಾಗ ಆಗಿಲ್ಲ."

"ಕದಿರೇಶನಿಗೆ ಅಂತ ಅಲ್ಲಿ ಜಾಗ ಏನಾದ್ರೂ ಇದೆಯಾ?"

ಭಾವ ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದರು. "ಜಾಗಾನಾ? ಏನ್ ಹಿಂಗಂತೀರಿ ಸಾಮಿ! ಅವನ ಕೋಣೆಗೆ ಇವತ್ತಿಗೂ ಒಬ್ಬರನ್ನ ಬಿಟ್ಟಿಲ್ಲ ನಾನು. ಹುಳು ಇಡೋಕೆ ಜಾಗ ಇಲ್ಲ ಅಂತ ಇವನು ಬಡ್ಕೊಂತಾನೆ, ಆದ್ರೂ ಕೊಟ್ಟಿಲ್ಲ. ದಿನಾ ಗುಡಿಸ್ತೀನಿ, ಶುಕ್ರವಾರ ದೀಪ ಇಡ್ತೀನಿ. ಹಾಸಿಗೆ ಬಿಸಿಲಿಗೆ ಹಾಕ್ತೀನಿ. ಯಾವ ಹೊತ್ತಿಗೆ ಬಂದ್ರೂ ಸೀದಾ ಹೋಗಿ ಮಲಗಬಹುದು ನನ್ನ ಮಗ. ಇಕೋ ನೋಡಿ ಬೀಗದ ಕೈ!"

"ಅಮ್ಮಾ, ಸುಮ್ನಿರಮ್ಮ."

"ಯಾಕೋ ಸುಮ್ನಿರಬೇಕು? ಇದ್ದಿದ್ದು ಹೇಳಿದ್ರೆ ತಪ್ಪಾ? ದೊಡ್ಡೋರ ಮುಂದೆ ಸುಳ್ಳು ಹೇಳ್ತಾರೇನೋ?"

ಕೋದಂಡರಾಮಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆದುಕೊಂಡದ್ದು ಎಂದು ಆಮೇಲೆ ತಿಳಿಯಿತು. "ಗಂಗುಲಪ್ಪ, ಕಾನೂನು ಕೇಳೋದು ಇದನ್ನೇ ಕಣಯ್ಯ. ಬಂದಾಗ ಹಕ್ಕಿನಿಂದ ಇರೋ ಅಂಥ ಜಾಗ ಇದೆಯಾ ಅಂತ. ಬಾಡಿಗೇದೇ ಆಗಬೇಕು ಅಂತೇನಿಲ್ಲ. ಈಯಮ್ಮ ಕೋಲಾರದ ಮನೆ ಬಿಟ್ರೂ ನಿಮ್ಮಮ್ಮ ಅಲ್ಲಿ ಇನ್ನೊಂದು ಇಟ್ಕೊಂಡೇ ಕೂತಿದಾರಲ್ಲ!"

"ಹಂಗಾದ್ರೆ ಆ ಕೋಣೆ ತೆಗೆದುಬಿಟ್ರೆ?"

"ಮೊದಲು ಅವರನ್ನ ಕೇಳು."

ಅತ್ತೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮೆಲ್ಲರ ಮುಖವನ್ನೂ ನೋಡಿದರು. ತಾವು ಕೆಡಿಸಿದ್ದು ಏನು ಎಂದು ಅವರಿಗೆ ಗೊತ್ತಾಗಲಿಲ್ಲ.

ಏಳುವ ಹೊತ್ತಿಗೆ ನಾನು ಕೇಳಿದೆ. ಕೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ. "ಜರ್ಮನಿಗೆ ಹೋದರೆ ಎರಡೂ ಕಡೆ ತೆರಿಗೆ ಕಟ್ಟಬೇಕಾ ಸಾರ್?" ಅಲ್ಲಿಗೂ ನಮಗೂ ಹಳೆಯ ಒಪ್ಪಂದ ಇದೆ, ಒಂದೇ ಸಂಬಳಕ್ಕೆ ಎರಡು ಸಲ ಪೂರಾ ತೆರಿಗೆ ಬೀಳುವುದಿಲ್ಲ, ಕುವೈತಿನ ಜೊತೆ ಅಂಥದ್ದಿಲ್ಲ ಅಂದರು. ಪಿಂಚಣಿಗೆ ಹಿಡಿದದ್ದನ್ನು ಕೆಲಸ ಬಿಟ್ಟು ಬಂದ ಮೇಲೆ ಕೊಡುತ್ತಾರಾ ಎಂದೂ ಕೇಳಿದೆ. ನೌಕರನ ಪಾಲು ಕಾದರೆ ಸಿಗುತ್ತದಂತೆ, ಮಾಲೀಕರ ಪಾಲು ಸಿಗುವುದಿಲ್ಲವಂತೆ.

"ಎಲ್ಲಿ ಓದಿದ್ದಮ್ಮ?" ಅಂದರು.

"ಇಲ್ಲೇ, ಕೋಲಾರದಲ್ಲೇ."

ಭಾವ ನಮ್ಮಿಬ್ಬರನ್ನೂ ಬಿಟ್ಟು ಬಿರಬಿರನೆ ಮುಂದೆ ನಡೆದರು. ಅತ್ತೆ ಮಾತ್ರ, "ಒಳ್ಳೇ ಮನುಷ್ಯ. ಅವರೆಕಾಯಿ ಬೇಡ ಅನ್ನಲಿಲ್ಲ" ಅಂದರು.

೧೬ ಫೆಬ್ರವರಿ

ಆ ಕೋಣೆಯದೇ ಯೋಚನೆ. ತಾಯಿ ಗುಡಿಸಿಟ್ಟರೆ ಅದೂ ಸರ್ಕಾರದ ಕಣ್ಣಿಗೆ ಮನೆ. ಹಾಗಾದರೆ ನಾನಿರುವ ಈ ಮನೆ ಬಿಟ್ಟರೂ ಬಿಡದಿದ್ದರೂ ಒಂದೇ. ಭಾವನಿಗೂ ಇದು ತಿಳಿದಿದೆ. ಇನ್ನು ಸುಗಟೂರಿಗೆ ಬಾ ಅನ್ನುವುದಿಲ್ಲ ಎಂದುಕೊಂಡಿದ್ದೇನೆ.

೨೧ ಫೆಬ್ರವರಿ, ಭಾನುವಾರ

ಅಂದರು.

ಭಾವ ಮಧ್ಯಾಹ್ನ ಬಂದು ಬಾಗಿಲ ಹತ್ತಿರವೇ ಕೂತರು. ಟ್ಯಾಕ್ಸು ಇರಲಿ ಬಿಡಲಿ, ಎರಡು ಒಲೆ ಉರಿಸಲು ಕುವೈತಿನಲ್ಲಿ ಚಿನ್ನದ ಗಿಡ ಇಲ್ಲ. ಹುಳು ಸಾಕುವುದಕ್ಕೆ ಬೇರೆ ಮನೆ ಕಟ್ಟಬೇಕು, ಪಾಯ ತೆಗೆಸಿ ಎರಡು ವರ್ಷವಾಯಿತು. ಅವನು ಜರ್ಮನಿಗೆ ಹೋದರೆ ಬರುವುದು ಇನ್ನೂ ಕಡಿಮೆ. ಕುವೈತು ಎಂದು ಬರೆದೆಯೋ ಇಲ್ಲವೋ?

"ಇನ್ನೂ ಇಲ್ಲ ಭಾವ."

"ಯಾಕೆ?"

"ಜರ್ಮನಿಯವರು ಹಿಡಿಯೋದು ಸುಮ್ಮನೆ ನುಂಗೋದಕ್ಕಲ್ಲ. ಕಾಯಿಲೆ ಬಿದ್ದರೆ ಕೊಡ್ತಾರೆ, ಕೆಲಸ ಹೋದರೆ ಕೊಡ್ತಾರೆ."

"ಯಾರೋ ಬಿಳಿಯೋನು ನಮಗೆ ಕಾಯಿಲೆಗೆ ಕೊಡಬೇಕಾ? ಇಲ್ಲಿಗಂಟ ಯಾರು ಕೊಟ್ಟಿದ್ದು ನಿಂಗೆ?"

ಆ ಹೊತ್ತಿನಲ್ಲಿ ಏನಾಯಿತೋ, ಬಾಯಿಗೆ ಬಂದುಬಿಟ್ಟಿತು. "ಇವರ ಸಂಬಳವೆಲ್ಲ ನಿಮ್ಮ ಖಾತೆಗೇ ಬರುತ್ತಲ್ಲ ಭಾವ. ನೀವೂ ಹಿಡಿದುಕೊಂಡೇ ಮಿಕ್ಕಿದ್ದು ನನಗೆ ಕೊಡೋದು."

ಭಾವ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟರು.

"ನಾನು ಹಿಡಿದಿದ್ದು ನನ್ನ ಹೊಟ್ಟೆಗಲ್ಲ ಕಣಮ್ಮ," ಅಂದರು ನಿಧಾನವಾಗಿ. "ಅಮ್ಮನ ಕಣ್ಣಿನ ಆಪರೇಷನ್ನು ಅದರಲ್ಲೇ ಆಯ್ತು. ನಿನ್ನ ಆಸ್ಪತ್ರೆ ಬಿಲ್ಲು ಅದರಲ್ಲೇ. ಈ ಮಗು ಪ್ಲಾಸ್ಟರು ಅದರಲ್ಲೇ. ಎರಡು ವರ್ಷ ಮಳೆ ಕೈ ಕೊಟ್ಟಾಗ ಅವನು ಐ.ಟಿ.ಐ.ಗೆ ಹೋಗ್ಲಿ ಅಂತ ಎತ್ತು ಮಾರಿದೋನು ನಾನು."

"ಅದನ್ನೇ ಭಾವ ಜರ್ಮನಿಯವರೂ ಹೇಳೋದು. ಎಲ್ಲರ ಹತ್ತಿರ ಹಿಡಿದು ಬೇಕಾದವರಿಗೆ ಕೊಡ್ತೀವಿ ಅಂತ. ನೀವು ಮಾಡಿದ್ರೆ ಧರ್ಮ, ಅವರು ಮಾಡಿದ್ರೆ ದರೋಡೆನಾ?"

ಎದ್ದರು. ಕಾಫಿ ಲೋಟ ಹಾಗೇ ಇತ್ತು. "ಬರೋ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ದಿನ ಚೆನ್ನಾಗಿದೆ. ಗಾಡಿ ತರ್ತೀನಿ. ಸಾಮಾನು ಕಟ್ಟಿಟ್ಟಿರು" ಎಂದು ಹೇಳಿ ಹೋದರು.

ಹಿರಿಯರಿಗೆ ನಾನು ಹೀಗೆ ಮಾತಾಡಿದ್ದು ಇದೇ ಮೊದಲು. ಆದರೆ ಅವರು ಎಣಿಸಿ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಅದೇ ಚುಚ್ಚುತ್ತಿದೆ. ಬಾಣಂತನದಲ್ಲಿ ಓರಗಿತ್ತಿ ಅಶ್ವತ್ಥಮ್ಮ ಹಾಲು ಕರೆದು, ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅದನ್ನು ಯಾವ ಕಡೆ ಬರೆಯಲಿ? ಸುಗಟೂರಿನ ಮನೆಯಲ್ಲಿ ಏನು ಹಿಡಿಯುತ್ತಾರೆ, ಏನು ಕೊಡುತ್ತಾರೆ ಎಂದು ಮೊದಲೇ ಯಾರೂ ಹೇಳುವುದಿಲ್ಲ. ಕೇಳಿದರೆ ಮುಖ ಬಾಡುತ್ತದೆ. ವ್ಯತ್ಯಾಸ ಅಷ್ಟೇ ಏನೋ.

೧ ಮಾರ್ಚ್, ಸೋಮವಾರ

ಕೋದಂಡರಾಮಪ್ಪನವರು ಹುಡುಗಿಯೊಬ್ಬಳ ಕೈಲಿ ಪತ್ರಿಕೆ ಕಳಿಸಿದ್ದರು. ಶನಿವಾರದ ಬಜೆಟ್ಟಿನಲ್ಲಿ ಆ ಮನೆಯ ನಿಯಮವನ್ನೇ ತೆಗೆಯುವ ಮಾತು ಬಂದಿದೆಯಂತೆ. ಇನ್ನು ಇಲ್ಲಿ ಎಷ್ಟು ದಿನ ಇದ್ದರು ಎನ್ನುವುದಷ್ಟೇ ಲೆಕ್ಕ. ಮನೆ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.

ಇದನ್ನು ಭಾವನಿಗೆ ಹೇಳಿ ಬಾ ಎಂದು ಆಂಜಿನಮ್ಮನವರ ಮಗನನ್ನು ಸೈಕಲ್ಲಿನಲ್ಲಿ ಸುಗಟೂರಿಗೆ ಕಳಿಸಿದೆ. ಸಂಜೆ ವಾಪಸು ಬಂದು ಭಾವ ಹೇಳಿದ್ದನ್ನು ಹಾಗೇ ಒಪ್ಪಿಸಿದ. "ಶುಕ್ರವಾರ ಗಾಡಿ ಬರ್ತದೆ ಅಂದ್ಬಿಡು."

ಆಯಿತು. ಇದು ತೆರಿಗೆಯ ಮಾತಾಗಿರಲಿಲ್ಲ.

ಕುವೈತು ಎಂದು ಬರೆದರೆ ಗಾಡಿ ಬರುತ್ತದೆ, ನಾನು ಹತ್ತುತ್ತೇನೆ, ವರ್ಷಕ್ಕೊಮ್ಮೆ ಗಂಡ ಬರುತ್ತಾರೆ, ಆ ಕೋಣೆಯಲ್ಲಿ ಮಲಗುತ್ತಾರೆ, ಹೋಗುತ್ತಾರೆ. ಹೀಗೇ ಎರಡು ವರ್ಷ, ಆಮೇಲೆ ಇನ್ನೆರಡು. ಪುಟ್ಟಿ ಅಪ್ಪನನ್ನು ನೆಂಟನ ಹಾಗೆ ನೋಡುತ್ತಾಳೆ. ಜರ್ಮನಿ ಎಂದು ಬರೆದರೆ ಒಂದು ವರ್ಷ ಯಾರೂ ಬರುವುದಿಲ್ಲ. ಆಪರೇಷನ್ನಿನ ದಿನ ಬಾಗಿಲ ಹೊರಗೆ ನಾನೊಬ್ಬಳೇ ಕೂತಿರಬೇಕು. ಆಮೇಲೆ ಮೂರು ಜನವೂ ಒಂದು ಕಡೆ.

ತೂಗಿದ್ದಾಯಿತು. ಇನ್ನೂ ತೂಗುತ್ತಾ ಕೂತರೆ ಹೆದರಿಕೆಯೇ ಹೊರತು ಲೆಕ್ಕವಲ್ಲ.

೪ ಮಾರ್ಚ್, ಗುರುವಾರ

ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂತಿ ಕಚೇರಿಗೆ ಹೋದೆ. ಪ್ಲಾಸ್ಟರು ಸೊಂಟಕ್ಕೆ ಒತ್ತಿ ನೋಯುತ್ತಿತ್ತು. ಸಾಲಿನಲ್ಲಿದ್ದವರು ನೋಡಿದರು. ನೋಡಲಿ.

ಮೇಲ್ಗಡೆ ಕದಿರೇಶ ಎಂದು ಬರೆದು ಕುವೈತಿನ ವಿಳಾಸ ಬರೆದೆ. ಕೆಳಗೆ, ಜರ್ಮನಿಗೆ ಸಹಿ ಹಾಕಿ, ನಾವು ಕ್ಷೇಮ, ಭಾರತಿ. ಇಂಗ್ಲಿಷಿನಲ್ಲಿ.

ಗುಮಾಸ್ತ ಪೆನ್ಸಿಲಿನಿಂದ ಎಣಿಸಿ, "ಫಾರಿನ್ನು. ಒಂದೊಂದು ಪದಕ್ಕೂ ದುಡ್ಡು. ಈ ಕ್ಷೇಮ ತೆಗೆದುಬಿಡ್ಲಾ? ಸಹಿ ಹಾಕು ಅಂದ್ರೆ ಕ್ಷೇಮ ಅಂತಾನೇ ಅಲ್ವಾ?" ಅಂದ.

"ಇರಲಿ" ಅಂದೆ.

೫ ಮಾರ್ಚ್, ಶುಕ್ರವಾರ

ಎತ್ತಿನ ಗಾಡಿ ಬಾಗಿಲಿಗೇ ಬಂತು. ಭಾವ ಹಗ್ಗದ ಸುರುಳಿ ಹಿಡಿದು ಇಳಿದರು. ಹಿಂದೆ ಅತ್ತೆ, ಮಡಿಲಲ್ಲಿ ಎಲೆ ಅಡಿಕೆ ಅರಿಶಿನ ಕುಂಕುಮ. ಒಳಗೆ ಬಂದು ನೋಡಿದರೆ ಒಂದು ಪಾತ್ರೆಯೂ ಕಟ್ಟಿಲ್ಲ.

"ಏನಮ್ಮಾ ಇದು?"

"ನಾನು ಬರಲ್ಲ ಭಾವ. ನಿನ್ನೆ ತಂತಿ ಕಳಿಸಿದೆ. ಜರ್ಮನಿಗೆ ಸಹಿ ಹಾಕಿ ಅಂತ."

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಹಗ್ಗವನ್ನು ಕೆಳಗೆ ಹಾಕಿ ಅದರ ಮೇಲೇ ಕೂತರು. "ನನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ ಭಾವ. ಆದ್ರೆ ನಿಮಗೆ ಬರೋದು ನಿಲ್ಲಲ್ಲ. ತಿಂಗಳು ತಿಂಗಳೂ ಇಷ್ಟು ಅಂತ ಇವತ್ತೇ ಕೂತು ಮಾತಾಡಿಬಿಡೋಣ. ಹುಳುಮನೆ ಎದ್ದು ನಿಲ್ಲೋಗಂಟ."

ಮುಖಕ್ಕೆ ಹೊಡೆದ ಹಾಗಾಯಿತು ಅವರಿಗೆ. "ತಮ್ಮನ ಹತ್ತಿರ ನಾನು ಸಂಬಳ ಎಣಿಸ್ಕೋಬೇಕಾ? ಹುಳುಮನೇನೂ ಬೇಡ, ಏನೂ ಬೇಡ. ಹೋಗು. ಅಮ್ಮಾ, ಗಾಡಿ ಹತ್ತು."

ಅತ್ತೆ ಹತ್ತಲಿಲ್ಲ. ಪುಟ್ಟಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಪ್ಲಾಸ್ಟರನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು. ಒಳಗೆ ಟೊಳ್ಳೋ ಗಟ್ಟಿಯೋ ಎಂದು ಹಲಸಿನ ಕಾಯಿ ಬಡಿದ ಹಾಗೆ.

"ಲೇ ಗಂಗುಲಾ, ಈ ಮಗೂಗೆ ಆಪರೇಷನ್ನು ಯಾವಾಗಲೋ?"

"ಉಗಾದಿ ಆದ್ಮೇಲೆ. ಬಾಮ್ಮ, ಬಿಸಿಲೇರ್ತದೆ."

"ಆಗ ಇವಳ ಜೊತೆ ಹೆಂಗಸರು ಯಾರಿರ್ತಾರೆ?" ಭಾವ ಹಗ್ಗದ ಸುರುಳಿ ಕೈಗೆತ್ತಿಕೊಂಡರು. "ಸರಿ ಬಿಡು. ನೀನು ಹೋಗು, ನಾನಿರ್ತೀನಿ."

"ಅಲ್ಲಿ ಮನೆ?"

"ನಿನ್ನೆಂಡ್ತಿ ಇಲ್ವಾ? ನಾನಿಲ್ದಿದ್ರೆ ಅವಳಿಗೂ ನೆಮ್ಮದಿ, ನನ್ನ ಮುಂದೆ ಬಾಯ್ಬಿಟ್ಟು ಹೇಳಲ್ಲ ಅಷ್ಟೆ." ಅಷ್ಟು ಹೇಳಿ ಸೊಂಟಕ್ಕೆ ಕೈ ಹಾಕಿದರು. ಬೀಗದ ಕೈ ಗಂಟು ಬಿಡಲಿಲ್ಲ, ಹಲ್ಲಿನಿಂದ ಬಿಡಿಸಿದರು. "ತಗೋ. ಆ ಕೋಣೇಲಿ ಹುಳು ಇಟ್ಕೋ. ಕದಿರೇಶ ಬಂದ್ರೆ ಇನ್ನು ಇಲ್ಲಿಗೇ ತಾನೆ ಬರೋದು, ಹೆಂಡ್ತಿ ಮಗು ಇರೋ ಕಡೆ. ಮಂಚ ಮಾತ್ರ ಅಟ್ಟದ ಮೇಲೆ ಹಾಕು, ಒದ್ದೆ ತಾಗದಂಗೆ."

ಭಾವ ಬೀಗದ ಕೈಯನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಗಾಡಿಯಿಂದ ರಾಗಿ ಮೂಟೆ, ಎರಡು ಕುಂಬಳಕಾಯಿ ಇಳಿಸಿ ಒಳಗಿಟ್ಟರು. ಅವು ಸುಗಟೂರಿನಿಂದ ನನ್ನ ಸಾಮಾನು ಒಯ್ಯಲು ಬಂದ ಗಾಡಿಯಲ್ಲಿ ಯಾಕಿದ್ದವೋ, ನಾನು ಕೇಳಲಿಲ್ಲ. ಹೊಸಲು ದಾಟುವಾಗ, "ತಿಂಗಳಿಗೆ ಇಷ್ಟು ಅಂತ ಆಮೇಲೆ ಹೇಳ್ತೀನಿ" ಅಂದರು. ನನ್ನ ಕಡೆ ನೋಡಲಿಲ್ಲ. ಗಾಡಿ ಖಾಲಿಯೇ ಹೋಯಿತು.

ಕದಿರೇಶ ಬಂದ್ರೆ ಅಂದರು ಅತ್ತೆ. ಈ ವರ್ಷ ಬರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಕೋಣೆಯನ್ನೇ ಬಿಟ್ಟುಕೊಟ್ಟವರಿಗೆ ಅದನ್ನೂ ಹೇಗೆ ಹೇಳಲಿ?

೧೩ ಮಾರ್ಚ್, ಶನಿವಾರ

ಎಂಟು ದಿನವಾಯಿತು ಬರೆದು. ಅತ್ತೆ ಬೆಳಿಗ್ಗೆ ಪುಟ್ಟಿಯನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ, ನನಗೆ ಎಚ್ಚರವೇ ಆಗುವುದಿಲ್ಲ. ಇವತ್ತು ನೋಡಿದರೆ ಜಗಲಿಯ ಮೇಲೆ ಕೂರಿಸಿ, ಹೋಗಿ ಬರುವವರಿಗೆಲ್ಲ ಪ್ಲಾಸ್ಟರು ತೋರಿಸಿ, "ಇದನ್ನ ಹಾಕೋಕೆ ಡಾಕ್ಟರಿಗೂ ಬೆವರು ಬರ್ತದೆ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಆಂಜಿನಮ್ಮನವರು ನಕ್ಕು ನಕ್ಕು ಸಾಕಾದರು.

ಹನ್ನೊಂದು ಗಂಟೆಗೆ ತಂತಿ ಬಂತು. ಇವರು ಸಹಿ ಹಾಕಿದ್ದಾರೆ. ಏಪ್ರಿಲ್ ಒಂದಕ್ಕೆ ಜರ್ಮನಿಯಲ್ಲಿ ಕೆಲಸಕ್ಕೆ ಸೇರಬೇಕು. ಆಪರೇಷನ್ನಿನ ದಿನ ತಿಳಿಸು ಎಂದಿದ್ದಾರೆ.

ತಂತಿ ಎಂದರೆ ಸಾವಿನ ಸುದ್ದಿ ಎಂದೇ ಅತ್ತೆಯ ಭಯ. ಪುಟ್ಟಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. "ಏನಂತೆ? ಚೆನ್ನಾಗಿದಾನಾ?"

"ಚೆನ್ನಾಗಿದಾರೆ ಅತ್ತೆ. ಸೀದಾ ಜರ್ಮನಿಗೆ ಹೋಗ್ತಾರೆ."

"ಊರಿಗೆ ಬಂದು ಹೋಗ್ತಾನೆ ತಾನೆ?"

"ಇಲ್ಲ. ಈ ವರ್ಷ ಬರೋ ಹಾಗಿಲ್ಲ. ಮೊದಲ ವರ್ಷ ಅಲ್ಲಿ ರಜಾ ಕೊಡಲ್ಲ."

ಜಗಲಿಯ ಮೇಲೆ ಕೂತರು. ಪುಟ್ಟಿ ಅವರ ಬಾಯಿಯೊಳಗೆ ಬೆರಳು ಹಾಕಲು ನೋಡುತ್ತಿದ್ದಳು, ಅವರು ಬಿಡಿಸಿಕೊಳ್ಳಲಿಲ್ಲ. ಬೀದಿಯ ಕಡೆಯೇ ನೋಡುತ್ತಾ, "ಸಂಬಳದಲ್ಲಿ ಹಿಡ್ಕೊಂತಾರೆ ಅಂದೆಯಲ್ಲ, ಇದನ್ನೂ ಹಿಡ್ಕೊಂಡ್ರೇನೇ?" ಅಂದರು.

ಹೌದು ಅಂದುಬಿಡಬಹುದಾಗಿತ್ತು. ಕಾಣದ ಜರ್ಮನಿಯವರ ಮೇಲೆ ಹಾಕಿದ್ದರೆ ಅವರಿಗೂ ಹಗುರ, ನನಗೂ ಹಗುರ.

"ಇಲ್ಲ ಅತ್ತೆ. ಬರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಈ ಒಂದು ವರ್ಷಾನ ನಾನೇ ಕೊಟ್ಟೆ."